ಒಳಮಡಿಕೆಯ ತೇಪೆ

ಮಾರ್ಚ್ ೧೨, ಬುಧವಾರ

ಆ ದರ್ಜಿಯಮ್ಮನ ಮಾತು ಇನ್ನೂ ಚುಚ್ಚುತ್ತಿದೆ. ಸ್ಕೂಟರಿನಿಂದ ಬಿದ್ದು ಅವರ ಬಲ ಅಂಗೈಯ ಹಿಂಭಾಗದ ಚರ್ಮ ಕಿತ್ತುಹೋಗಿದೆ, ಬೆರಳೆತ್ತುವ ಸ್ನಾಯುರಜ್ಜುಗಳು ಬಯಲಾಗಿವೆ. ಮಣಿಕಟ್ಟಿಗೂ ಮೊಣಕೈಗೂ ನಡುವಿನ ಚರ್ಮ ಬಿಡಿಸಿ, ತಿರುಗಿಸಿ ಮುಚ್ಚೋಣವೆಂದು ಅಲ್ಲಿ ಶಾಯಿಯಲ್ಲಿ ಗುರುತೂ ಹಾಕಿದ್ದೆ. ಅದನ್ನು ನೋಡಿ ಕೇಳಿದರು:

“ತೇಪೆಗೆ ಬಟ್ಟೇನ ಕಾಣೋ ಕಡೆಯಿಂದ ಯಾರಾದ್ರೂ ಕತ್ತರಿಸ್ತಾರಾ ಡಾಕ್ಟ್ರೇ? ನಾವಾದ್ರೆ ಒಳಮಡಿಕೆಯಿಂದ ತಗೋತೀವಿ.”

ತೊಡೆಸಂದಿಯಿಂದ ತೆಗೆಯಬಹುದು, ಆದರೆ ಆ ಚರ್ಮ ಕೈಗೆ ಕೂಡಿಕೊಳ್ಳುವವರೆಗೆ, ಮೂರು ವಾರ, ಕೈಯನ್ನು ಅಲ್ಲಿಗೇ ಹೊಲಿದಿಡಬೇಕು. ಅಷ್ಟು ಕಷ್ಟ ಸಹಿಸಲು ಅವರಿಂದಾಗದೆಂದು ನಾನೇ ತೀರ್ಮಾನಿಸಿ ಹೇಳಿಯೇ ಇರಲಿಲ್ಲ. ಇಂದು ಹೇಳಿದೆ.

“ಮೂರೇ ವಾರಾನಾ?” ಎಂದು ನಕ್ಕರು. “ಹೊಲಿಗೆ ಮಾತ್ರ ಸಣ್ಣದಾಗಿರ್ಲಿ.”

ಗುರುತು ಅಳಿಸಿಬಿಟ್ಟೆ. ನಾಳೆ ಶಸ್ತ್ರಚಿಕಿತ್ಸೆಯಲ್ಲಿ ಒಂದು ಹೊಲಿಗೆಯೂ ಒರಟಾಗಕೂಡದು. ಇನ್ನು ಜೀವಮಾನವೆಲ್ಲ, ಅವರು ಹೊಲಿಯಲು ಕೂತಾಗಲೆಲ್ಲ ಕಣ್ಣೆದುರಿಗಿರುವುದು ನನ್ನ ಹೊಲಿಗೆ.