ಎರಡು ಹೆಜ್ಜೆ ಆಚೆಗೆ ನೆಟ್ಟ ಗೂಟ

ಕೊಚ್ಕೋರ್
ಸೆಪ್ಟೆಂಬರ್ ೧೪

ನನ್ನ ಮುದ್ದು ಮೇರಿಮ್,

ಮುರಿದ ಕೈ ಹೇಗಿದೆ? ಪ್ಲಾಸ್ಟರಿನೊಳಗೆ ತುರಿಸುತ್ತದೆಂದು ಕಡ್ಡಿ ತೂರಿಸಿ ಕೆರೆಯಬೇಡ. ಚಿಕ್ಕಮ್ಮ ಮಾಡಿಕೊಡುವ ಮೂಳೆ ಸಾರನ್ನು ಮೂಗು ಮುಚ್ಚಿಕೊಂಡಾದರೂ ಕುಡಿ. ಬರೆಯಲು ತಡವಾಯಿತು, ಮುನಿಸಿಕೊಳ್ಳಬೇಡ ಮಗಳೇ. ಸಿಮೆಂಟು ತಿಂದು ಬೆರಳೆಲ್ಲ ಬಿರಿದಿವೆ, ಪೆನ್ನು ಹಿಡಿದರೆ ಉರಿಯುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ ಪಕ್ಕದಲ್ಲೇ ಚಹಾ ಹೀರುತ್ತ ಕೂತಿರುತ್ತಾರೆ.

ನಿನ್ನ ಕೋಣೆಗೆ ಪಾಯ ಬಿತ್ತು! ಮನೆಯ ಹಿಂಗೋಡೆಗೆ ಅಂಟಿಕೊಂಡೇ ಇದೆ. ನೀನು ಬೀಶ್ಕೆಕ್‌ನ ಚಿಕ್ಕಮ್ಮನ ಮನೆಯಿಂದ ನೇರ ಇಲ್ಲಿಗೇ ಬಾ, ಆ ಗಂಡನ ಮನೆಗಲ್ಲ. ಪಾಯದ ಗುರುತಿಗೆ ನೂಲು ಕಟ್ಟುವಾಗ ಗೂಟವನ್ನು ನಾನು ಎರಡು ಹೆಜ್ಜೆ ಆಚೆಗೆ ನೆಟ್ಟೆ. ನಿನ್ನ ಅಪ್ಪ ಗೊಣಗಿದರು, "ಒಬ್ಬಳಿಗೆ ಇಷ್ಟು ದೊಡ್ಡ ಕೋಣೆ ಯಾಕೇ?" ನಾನು, "ತೌರಿನ ಅನ್ನ ತಿಂದು ದಪ್ಪ ಆಗ್ತಾಳೆ, ಬಿಡಿ" ಎಂದೆ. ಓಣಿಯವರೆಲ್ಲ ಕೈಜೋಡಿಸಲು ಬಂದಿದ್ದರು. ಕುರಿ ಕೊಯ್ದು ಅದರ ರಕ್ತವನ್ನು ಪಾಯದ ಗುಂಡಿಗೆ ಹರಿಸಿದೆವು. ಪಕ್ಕದ ಮನೆಯ ಬಾತ್ಮಾ ಅತ್ತಿಗೆ ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಟ್ಟು ಬೋರ್ಸೋಕ್ ಕರಿಯುತ್ತ, "ನನ್ನ ಹಿಟ್ಟಿಗಿಂತ ನಿಮ್ಮ ಕಾಂಕ್ರೀಟೇ ಹದವಾಗಿದೆ ಕಣ್ರೋ" ಎಂದು ಗಂಡಸರನ್ನು ರೇಗಿಸುತ್ತಿದ್ದಳು.

ಅರ್ಧ ಪಾಯ ತುಂಬಿರಬೇಕು, ಅಷ್ಟರಲ್ಲಿ ನಿನ್ನ ಗಂಡ ಕುಬಾತ್ ಬಂದ. ಬೆಳಗ್ಗೆಯೇ ವೋಡ್ಕಾದ ನಾತ. ಸೀದಾ ಬಂದವನೇ ಸೆಂಟ್ರಿಂಗ್ ಹಲಗೆಗೆ ಒದ್ದ. ಹಲಗೆ ಮುರಿದು, ಹಾಕಿದ್ದ ಕಾಂಕ್ರೀಟಿನಲ್ಲಿ ಅರ್ಧ ಅಂಗಳಕ್ಕೆ ಸುರಿಯಿತು. 

"ಕೊಟ್ಟ ಹೆಣ್ಣಿಗೆ ತೌರಲ್ಲಿ ಕೋಣೆ ಕಟ್ತೀರಾ? ಕಲ್ಲು ಬಿದ್ದಲ್ಲೇ ಭಾರ, ಕೊಟ್ಟ ಮನೇಲೇ ಇರು ಅಂತ ಮದುವೇಲಿ ಹೇಳಿ ಕಳಿಸಿದ್ದು ನೀವೇ ಅಲ್ವಾ ಅತ್ತೆ?"

"ಕಲ್ಲು ಅಂತ ಗೊತ್ತಿದ್ರೆ ದಿನಾ ಯಾಕೋ ಒದ್ದೆ, ಮೂಳ!" ಎಂದೆ.

ಅವನು ನನ್ನ ಕಡೆ ಕೈ ಎತ್ತಿದ. ಅಷ್ಟೇ. ನಿನ್ನ ಅಪ್ಪನ ಸಲಿಕೆ ಅವನ ಮುಖಕ್ಕೆ ಅಪ್ಪಳಿಸಿತು. ಮೂಗಿನ ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಬಿದ್ದವನ ಕೂದಲು ಹಿಡಿದು ಪಾಯದೊಳಗೆ ಎಳೆದು, ಹಸಿ ಕಾಂಕ್ರೀಟಿಗೆ ಮುಖ ಅದುಮಿದರು. ಅವನು ಉಸಿರಿಗಾಗಿ ಒದ್ದಾಡುತ್ತಿದ್ದ. ನಾಲ್ಕು ಜನ ಎಳೆದರೂ ನಿನ್ನ ಅಪ್ಪ ಬಿಡಲಿಲ್ಲ. ಅವನ ಬಲಗೈಯನ್ನು ಹಲಗೆಯ ಅಂಚಿಗಿಟ್ಟು ಬೂಟುಗಾಲಿನಿಂದ ತುಳಿದರು. ಮುರಿಯಿತು. ನಿನ್ನದು ಮುರಿದದ್ದೂ ಬಲಗೈಯೇ ಅಲ್ಲವೇ?

"ಹೆಂಗಸಿನ ಮೇಲೆ ಎತ್ತಿದ ಕೈ ಉಳೀಬಾರದು! ಹೆಂಡತೀನ ಹೊಡೆಯೋನು ಗಂಡಸೇನೋ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಗಂಡಸರು, "ಭಲೇ ಶಾರ್ಶೆನ್ ಅಣ್ಣ!" ಎಂದರು. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆಯಾಯಿತು. ನಗುವೂ ಬಂತು. ಆ ಹಾಳು ಕುದುರೆ ಒದ್ದು ಉದುರಿಸಿದ ಹಲ್ಲುಗಳ ಸಂದಿ ಕಾಣಬಾರದೆಂದು ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡೆ. ಬಾತ್ಮಾ ಅತ್ತಿಗೆ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು.

ಕುಬಾತ್‌ನನ್ನು ಅವನ ತಮ್ಮಂದಿರು ಬಂದು ಹೊತ್ತುಕೊಂಡು ಹೋದರು. ಕಾಂಕ್ರೀಟ್ ಯಾರಿಗೂ ಕಾಯುವುದಿಲ್ಲವಲ್ಲ, ನಾವು ಹಲಗೆಗೆ ಮತ್ತೆ ಮೊಳೆ ಹೊಡೆದು ಕೆಲಸಕ್ಕಿಳಿದೆವು. ಅವನ ಮುಖದ ಅಚ್ಚು ಮೂಡಿದ್ದ ಕಡೆ ನಾನೇ ಕರಣೆ ಆಡಿಸಿ ಸಾಪು ಮಾಡಿದೆ. ಮರುದಿನ ಊರ ಹಿರಿಯರು ಕೂತು, ಅವನು ನಮ್ಮ ಹೊಸ್ತಿಲು ತುಳಿಯಕೂಡದು ಎಂದು ತೀರ್ಮಾನ ಹೇಳಿದರು. ನಿನಗೆ ಇನ್ನು ಅವನ ಭಯವಿಲ್ಲ.

ನಿನ್ನ ಮೂಳೆ ಬೇಗ ಕೂಡಲಿ, ನಿನ್ನ ಬಾಳು ಹಸನಾಗಲಿ. ಬಾತ್ಮಾಳ ಅಳಿಯ ಈ ಕಾಗದ ತರುತ್ತಾನೆ, ಅವನಿಗೆ ಊಟ ಹಾಕಿಸಿ ಕಳಿಸು.

ನಿನ್ನ ಅಮ್ಮ,
ಊಲ್ಕಾನ್

ಮರೆತ ಮಾತು: ನನ್ನ ಹಲ್ಲು ಕುದುರೆ ಒದ್ದು ಹೋದದ್ದಲ್ಲ ಮಗಳೇ. ನಮ್ಮಲ್ಲಿ ಆಗ ಕುದುರೆಯೇ ಇರಲಿಲ್ಲ. ಮೊನ್ನೆ ಸಲಿಕೆ ಹಿಡಿದಿತ್ತಲ್ಲ, ಅದೇ ಕೈ. ನೀನು ತೊಟ್ಟಿಲಲ್ಲಿದ್ದೆ. ಬಾಯಿ ತುಂಬ ರಕ್ತ ತುಂಬಿಕೊಂಡು ತೌರಿಗೆ ನಡೆದೆ. ನನ್ನ ಅಮ್ಮ ಬಾಗಿಲಲ್ಲೇ ನಿಂತು, ಕಲ್ಲು ಬಿದ್ದಲ್ಲೇ ಭಾರ, ಹೋಗು ಎಂದಳು. ಕೈ ಈಗಲೂ ನಿಂತಿಲ್ಲ, ಮುಖ ಬಿಟ್ಟು ಬೇರೆ ಕಡೆ ಬೀಳುತ್ತದೆ ಅಷ್ಟೇ. ಕೋಣೆಯಲ್ಲಿ ಎರಡು ಮಂಚ ಹಿಡಿಯುತ್ತವೆ, ಅಳೆದು ನೋಡಿದ್ದೇನೆ. ಬರುವಾಗ ಒಳಗಿನಿಂದ ಹಾಕಿಕೊಳ್ಳುವಂಥ ಗಟ್ಟಿ ಚಿಲಕ ಒಂದನ್ನು ಅಲ್ಲಿಯ ಬಜಾರಿನಿಂದ ತಾ. ಇಲ್ಲಿ ಕೊಂಡರೆ ನಿನ್ನ ಅಪ್ಪನಿಗೆ ಗೊತ್ತಾಗುತ್ತದೆ.