ಆಕ್ರೋಟು ಮರದ ತಿರುವು

ಒರ್ಮೆನಾ
ಭಾನುವಾರ, 19 ಅಕ್ಟೋಬರ್ 2014

ಮುದ್ದಿನ ಮಗಳು ಅಂಪಾರೊಗೆ,

ನಿನ್ನಪ್ಪ ಚೆನ್ನಾಗಿದ್ದಾನೆ. ಮಂಡಿ ನೋವು ಮಾತ್ರ ಬೇಡದ ನೆಂಟನ ಹಾಗೆ ಹೇಳದೆ ಕೇಳದೆ ಬಂದು ಕೂರುತ್ತದೆ. ಜೂನ್‌ನಲ್ಲಿ ನೀನು ಬರೆದ ಕಾಗದಕ್ಕೆ ಈಗ, ಪಿಲಾರ್ ಮಾತೆಯ ಹಬ್ಬವೂ ಕಳೆದ ಮೇಲೆ, ಉತ್ತರ ಬರೆಯಲು ಕೂತಿದ್ದೇನೆ. ನಾಲ್ಕು ತಿಂಗಳು! ಎಷ್ಟು ಬೇಕೋ ಅಷ್ಟು ಬೈದುಕೋ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಿನ್ನ ಉಸಿರು ಕೇಳಿಸಿದರೆ ಸಾಕು, ನನ್ನ ಬಾಯಿ ಕಟ್ಟುತ್ತದೆ. ಅಲ್ಲಿ ಬಿಸಿಲಿದೆಯಾ ಅಂತ ಕೇಳಿ ನಿನ್ನಮ್ಮನ ಕೈಗೆ ಕೊಟ್ಟುಬಿಡುತ್ತೇನೆ.

ನಿನ್ನಮ್ಮ ಬ್ರೆಡ್ಡಿನ ಭಟ್ಟಿ ಗುಡಿಸುತ್ತಾ ಆಗಲೇ ಎರಡು ಸಲ ಇಣುಕಿದಳು. "ಕಾಗದ ಬರೀತಿದೀಯೋ, ಚರಿತ್ರೆ ಬರೀತಿದೀಯೋ? ನಾಳೆಯ ಹಿಟ್ಟು ಯಾರು ಜರಡಿ ಹಿಡಿಬೇಕು, ಬಿಷಪ್ಪರು ಬರ್ತಾರಾ?" ಇದರ ಜೊತೆ ಬಾದಾಮಿ ಬಿಸ್ಕತ್ತಿನ ಡಬ್ಬಿ ಕಳಿಸುತ್ತಿದ್ದಾಳೆ. ನೀನಿರುವ ಕಾಸ್ತೆಯೋನ್ ಪೇಟೆಯ ಬ್ರೆಡ್ಡು ಹತ್ತಿ ತಿಂದ ಹಾಗಂತೆ, ನೀನು ಬಡವಾಗಿರುತ್ತೀಯಂತೆ. ಅವಳು ಹೇಳಿದ್ದನ್ನೇ ಬರೆದಿದ್ದೇನೆ.

ಮೇಲಿನ ಕಾಂಪಿಯೆಲ್ ಹಳ್ಳಿಯಲ್ಲಿ ಈಗ ಉಳಿದವರು ಆರು ಜನ. ನಾನು ಮಂಗಳವಾರ, ಶುಕ್ರವಾರ ಬ್ರೆಡ್ಡಿನ ವ್ಯಾನು ಹತ್ತಿಸುವುದು ತಪ್ಪಿಲ್ಲ. ತಿರುವಿನ ಆಕ್ರೋಟು ಮರ ಈ ವರ್ಷ ಮೈತುಂಬ ಬಿಟ್ಟಿದೆ. ಕೀಳುವವರಿಲ್ಲ, ಕಾಯಿ ಪಟಪಟ ವ್ಯಾನಿನ ಮೇಲೆ ಬೀಳುತ್ತವೆ. ಆ ಮರದ ಕೆಳಗಿನ ಎವುಸೇಬಿಯಾ ಅಜ್ಜಿಯ ಮನೆಗೆ ಅವರ ಕಡೆಯವರು ಬೀಗ ಹಾಕಿ ಹೋಗಿದ್ದಾರೆ. ಬಾಗಿಲ ಮೊಳೆಯಲ್ಲಿ ಅಜ್ಜಿಯ ಬ್ರೆಡ್ಡಿನ ಬಟ್ಟೆ ಚೀಲ ಮಾತ್ರ ಇನ್ನೂ ತೂಗುತ್ತಿದೆ. ಅದನ್ನು ತೆಗೆಯಲು ಯಾರಿಗೂ ಮನಸ್ಸು ಬಂದಿಲ್ಲ, ನನಗೂ.

ನಿನ್ನ ವಸತಿಮನೆಯ ಬೀಗದ ಕೈ ನಿನ್ನಮ್ಮನ ಹತ್ತಿರವೇ ಇದೆ. ನೀನು ವಸತಿಮನೆ ಮಾಡಿದ ಕಾಂಪಿಯೆಲ್‌ನ ಹಳೆಯ ಶಾಲೆಯ ಗೋಡೆಗೆ ಹಚ್ಚಿದ ನೀಲಿ ಬಣ್ಣ ಮಾಸಿಲ್ಲ. ಒಳಗೆ ಮೇಜಿನ ಮೇಲೆ ನೀನು ಅಚ್ಚು ಹಾಕಿಸಿದ ಕಾರ್ಡುಗಳ ಕಟ್ಟು ಹಾಗೇ ಇದೆ: "ಈ ಬೆಟ್ಟದ ರಸ್ತೆಯಲ್ಲಿ ವಾಹನಗಳಿಲ್ಲ. ನಿಮ್ಮ ಸೈಕಲ್ಲು, ನಿಮ್ಮ ಉಸಿರು, ಅಷ್ಟೇ." ಅದನ್ನು ಮೊದಲ ಸಲ ಓದಿದಾಗ ನಾನು ಕೇಳಿದ್ದು ನೆನಪಿದೆಯಾ? "ಹಾಗಾದ್ರೆ ನನ್ನ ವ್ಯಾನು ಏನು, ಕತ್ತೆಯಾ?" ನೀನು ನಕ್ಕು, "ಅಪ್ಪಾ, ನಿನ್ನ ವ್ಯಾನು ಬ್ರೆಡ್ಡು. ಅದನ್ನ ಯಾರಾದ್ರೂ ವಾಹನ ಅಂತಾರಾ?" ಅಂದೆ. ನಾನೂ ನಕ್ಕೆ. ಮೂವತ್ತಮೂರು ವರ್ಷ ಆ ರಸ್ತೆಯಲ್ಲಿ ಓಡಾಡಿದರೂ ನನಗೂ ಅದು ವಾಹನ ಅನ್ನಿಸಿರಲಿಲ್ಲ.

ಆಮೇಲೆ, ತಿರುವಿನಲ್ಲಿ ನಾನು ಹಾಕುವ ಹಾರನ್ನಿನ ಜಗಳ. "ಮೌನ ಹುಡುಕ್ಕೊಂಡು ಹಾಲೆಂಡಿನಿಂದ ಬರ್ತಾರಪ್ಪಾ, ನಿನ್ನ ಹಾರನ್ ಕೇಳಿ ಬೆಚ್ಚಿ ಬೀಳ್ತಾರೆ. ಅದೊಂದು ನಿಲ್ಲಿಸು, ನಿನ್ನ ದಮ್ಮಯ್ಯ." ನಾನು ಹೂಂ ಅಂದಿದ್ದೆ.

ಮೇ ಹದಿಮೂರರಂದು ಏನಾಯಿತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ನಿನ್ನ ವಸತಿಮನೆಯಲ್ಲಿ ಇಳಿದಿದ್ದ ಹಾಲೆಂಡಿನ ಮರೈಕೆ ಬೆಳಿಗ್ಗೆ ಒಬ್ಬಳೇ ಸೈಕಲ್ ಹತ್ತಿ ಕಣಿವೆಗೆ ಇಳಿದಳು. ನಾನು ಹತ್ತುತ್ತಿದ್ದೆ. ಮರದ ತಿರುವಿನಲ್ಲಿ ಅವಳು ನನ್ನ ವ್ಯಾನಿಗೆ ಬಂದು ಬಡಿದಳು. ಆಂಬುಲೆನ್ಸ್ ಬರಲು ಐವತ್ತು ನಿಮಿಷ ಹಿಡಿಯಿತು, ಅವಳು ಅಷ್ಟು ಕಾಯಲಿಲ್ಲ. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದೆ. ಮಂಗಳವಾರವೂ ಹದಿಮೂರೂ ಸೇರಿದ ದಿನ ಮನೆಯಿಂದ ಹೊರಡಬಾರದು ಅಂತ ಊರವರು ತಾರೀಖಿನ ಮೇಲೆ ಹಾಕಿದರು. ಪೊಲೀಸರು ಬರೆದುಕೊಂಡರು: ವ್ಯಾನು ನಿಧಾನಕ್ಕಿತ್ತು, ಚಾಲಕ ತಿರುವಿನಲ್ಲಿ ಹಾರನ್ ಹಾಕಿದ್ದ, ಸೈಕಲ್ಲು ನಡುರಸ್ತೆಯಲ್ಲಿ ವೇಗವಾಗಿ ಬಂತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನೀನೊಬ್ಬಳು ತಟ್ಟಲಿಲ್ಲ. ಮೂರನೇ ವಾರಕ್ಕೆ ಬೀಗ ಹಾಕಿ ಹೊರಟುಹೋದೆ.

ಮಗಳೇ, ಆ ತಿರುವಿನ ಬಗ್ಗೆ ಒಂದು ಮಾತು ಹೇಳುತ್ತೇನೆ, ನಗಬೇಡ. ಈಗ ಅಲ್ಲಿಗೆ ಬಂದಾಗಲೆಲ್ಲ ಉದ್ದಕ್ಕೆ ಮೂರು ಸಲ ಹಾರನ್ ಹಾಕುತ್ತೇನೆ. ಯಾವ ಬಾಗಿಲೂ ತೆರೆಯುವುದಿಲ್ಲ. ಇಂಜಿನ್ ನಿಲ್ಲಿಸುತ್ತೇನೆ. ಆಗ ಮೇಲಿನಿಂದ ಟಿಂಗ್ ಅಂತ ಒಂದೇ ಒಂದು ಸಲ ಸೈಕಲ್ ಗಂಟೆ ಕೇಳಿಸುತ್ತದೆ. ಹಾಡಹಗಲಲ್ಲಿ, ಬಿಸಿಲಲ್ಲಿ. ವ್ಯಾನನ್ನು ಹಳ್ಳದ ಬದಿಗೆ ಒತ್ತಿ ದಾರಿ ಬಿಟ್ಟು ಕಾಯುತ್ತೇನೆ. ಯಾರೂ ಬರುವುದಿಲ್ಲ.

ಕುರಿಗಾಹಿ ಕಾಸಿಯಾನೊನನ್ನು ಕೇಳಿದೆ, "ಗಂಟೆ ಕಟ್ಟಿದ ನಿನ್ನ ಮೇಕೆ ಏನಾದ್ರೂ ಆ ಕಡೆ ಮೇಯ್ತಾವೇನೋ?" ಅಂತ. "ಈ ವರ್ಷ ಒಂದು ದಿನಾನೂ ಆ ಕಡೆ ಹೊಡೆದಿಲ್ಲ. ವಯಸ್ಸಾಯ್ತು ಎವೇಲಿಯೊ, ಕಿವೀಲಿ ಹಿಟ್ಟು ತುಂಬ್ಕೊಂಡಿದೆ, ಊದಿಸ್ಕೋ!" ಅಂತ ನಕ್ಕ. ಒಂದು ಶುಕ್ರವಾರ ಹಟಕ್ಕೆ ನನ್ನ ಪಕ್ಕ ಕೂತು ಬಂದ. ಹಾರನ್ ಹಾಕಿದೆ, ಇಂಜಿನ್ ನಿಲ್ಲಿಸಿದೆ. ನನಗೆ ಕೇಳಿಸಿತು, ಅವನಿಗೆ ಕೇಳಿಸಲಿಲ್ಲ. ನನ್ನ ಮುಖ ನೋಡಿದವನು ಮತ್ತೆ ತಮಾಷೆ ಮಾಡಲಿಲ್ಲ. ಇಳಿಯುವಾಗ ಸುಮ್ಮನೆ ನನ್ನ ಭುಜ ಹಿಡಿದು ಬಿಟ್ಟ.

ಈಗ ನಿಜವಾದ ಸುದ್ದಿ. ಕಳೆದ ಮಂಗಳವಾರ ಮರೈಕೆಯ ಗಂಡ ಬಂದಿದ್ದಾನೆ. ಯೋಸ್ಟ್, ಉದ್ದನೆಯ ಮನುಷ್ಯ, ನಿನಗೆ ಗೊತ್ತು. ಅವಳ ಹಸಿರು ಸೈಕಲ್ಲನ್ನೇ ರಿಪೇರಿ ಮಾಡಿಸಿ ತಂದಿದ್ದಾನೆ. ನಿನ್ನಮ್ಮ ಮರುಮಾತಿಲ್ಲದೆ ನಿನ್ನ ವಸತಿಮನೆಯ ಒಂದು ಕೋಣೆ ತೆಗೆದುಕೊಟ್ಟಳು. ದಿನಾ ಅದೇ ರಸ್ತೆಯಲ್ಲಿ ಇಳಿಯುತ್ತಾನೆ, ಹತ್ತುತ್ತಾನೆ. ತಿರುವಿನ ಕಲ್ಲುಗೋಡೆಯ ಮೇಲೆ ಕೂರುತ್ತಾನೆ.

ಶುಕ್ರವಾರ ಅಲ್ಲೇ ನನ್ನ ವ್ಯಾನಿಗೆ ಕೈ ಅಡ್ಡ ಹಾಕಿದ. ನಮ್ಮ ಭಾಷೆಯ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ನೋಡಿಕೊಂಡು, ತಡೆದು ತಡೆದು ಓದಿದ: "ಆ ಬೆಳಿಗ್ಗೆ ನಾವು ಜಗಳ ಆಡಿದ್ವಿ. ನಾನು ಕೆಟ್ಟ ಮಾತು ಆಡಿದೆ. ಅವಳು ಅಳುತ್ತಾ ಹೋದಳು. ಅವಳ ಕಿವಿ ಚುರುಕು. ಹಾರನ್ ಅವಳಿಗೆ ಕೇಳಿದೆ. ಆದರೂ ನಿಲ್ಲಲಿಲ್ಲ. ಬೇಕು ಅಂತಲೇ ನಿಲ್ಲಲಿಲ್ಲವಾ?" ಆಮೇಲೆ ಚೀಟಿ ಮಡಿಸಿ ನನ್ನ ಕಣ್ಣನ್ನೇ ನೋಡುತ್ತಾ, "ನೀವು ಹಾರನ್ ಹಾಕಿದ್ರಿ, ಅಲ್ವಾ?" ಅಂದ.

"ಹಾಕಿದ್ದೆ" ಅಂದೆ.

ತಲೆಯಾಡಿಸಿದ. ನನಗೆ ವಂದನೆ ಹೇಳಿದ, ಅಂಪಾರೊ! ಒಂದು ಬ್ರೆಡ್ಡು ಕೊಂಡ, ಅದನ್ನು ಕಂಕುಳಲ್ಲಿಟ್ಟುಕೊಂಡು ಸೈಕಲ್ ತಳ್ಳುತ್ತಾ ಹತ್ತಿ ಹೋದ.

ಅವನು ಮುಂದಿನ ಭಾನುವಾರದವರೆಗೆ ಇರುತ್ತಾನೆ. ನೀನು ಹೊಟ್ಟೆಗೆ ಸರಿಯಾಗಿ ತಿನ್ನು. ರಾತ್ರಿಯ ಪಾಳಿ ಒಪ್ಪಿಕೊಳ್ಳಬೇಡ. ನಮ್ಮ ಬೆಟ್ಟದ ದೇವರೆಲ್ಲ ಒಟ್ಟಾಗಿ ನಿನ್ನನ್ನು ಕಾಯಲಿ. ಪಿಲಾರ್ ಮಾತೆಯ ಮುಂದೆ ನಿನ್ನ ಹೆಸರಲ್ಲಿ ಒಂದು ಮೇಣದ ಬತ್ತಿ ಹಚ್ಚಿದ್ದೇನೆ. ನಿನ್ನಮ್ಮ ಎರಡು ಹಚ್ಚಿದ್ದಾಳೆ, ನನಗಿಂತ ಒಂದು ಹೆಚ್ಚಿರಲೇಬೇಕಲ್ಲ.

ಹಣೆಗೊಂದು ಮುತ್ತಿನೊಂದಿಗೆ,
ನಿನ್ನ ಅಪ್ಪ,
ಎವೇಲಿಯೊ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ಜೂನ್ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಸಾಲು. "ಅಪ್ಪಾ, ನನ್ನಾಣೆ, ನಾನು ಬೇಡ ಅಂದಿದ್ದಕ್ಕೆ ಆವತ್ತು ಹಾರನ್ ಹಾಕಲಿಲ್ವಾ?" ಮೂರು ಹಾಳೆ ಬರೆದೆ, ಅದಕ್ಕೆ ಮಾತ್ರ ಉತ್ತರ ಬರೆಯಲಿಲ್ಲ.

ಹಾಕಲಿಲ್ಲ ಮಗಳೇ. ಪೊಲೀಸರಿಗೆ ಸುಳ್ಳು ಹೇಳಿದೆ. ಆದರೆ ನೀನು ಬೇಡ ಅಂದಿದ್ದಕ್ಕಲ್ಲ. ನಿನ್ನ ಮಾತನ್ನು ನಾನು ಯಾವತ್ತು ಕೇಳಿದ್ದೇನೆ? ನೀನು ಬೇಡ ಅಂದ ಮೇಲೂ ಪ್ರತಿ ಸಲ ಹಾಕಿದ್ದೇನೆ, ನಿನ್ನ ಮನೆಯವರೆಗೆ ಕೇಳದ ಹಾಗೆ ಸ್ವಲ್ಪ ಮೆಲ್ಲಗೆ. ಎವುಸೇಬಿಯಾ ಅಜ್ಜಿ ಬಾಗಿಲಿಗೆ ಬಂದು, "ಏನೋ ಹುಡುಗಾ, ಇವತ್ತೂ ಸೀಯಿಸಿದೀಯಾ?" ಅಂತ ಕೇಳಬೇಕಿತ್ತಲ್ಲ. ಅರವತ್ತು ದಾಟಿದ ನನ್ನನ್ನು ಹುಡುಗಾ ಅನ್ನುವವಳು ಅವಳೊಬ್ಬಳೇ ಉಳಿದಿದ್ದಳು. ಅಜ್ಜಿ ತೀರಿಕೊಂಡದ್ದು ಅದಕ್ಕೆ ಎರಡು ದಿನ ಮೊದಲು, ಮೇ ಹನ್ನೊಂದರ ಭಾನುವಾರ. ಸೋಮವಾರ ಮಣ್ಣು ಮಾಡಿದೆವು. ಮಂಗಳವಾರ ತಿರುವಿಗೆ ಬಂದಾಗ ಕೈ ತಾನಾಗಿ ಹಾರನ್ನಿಗೆ ಹೋಯಿತು. ಬಾಗಿಲಲ್ಲಿ ಖಾಲಿ ಚೀಲ ಕಾಣಿಸಿತು. ಇನ್ನು ಯಾರನ್ನು ಕರೆಯಲಿ ಅಂದುಕೊಂಡು ಕೈ ತೆಗೆದೆ. ಇಷ್ಟು ವರ್ಷ ತಿರುವಿಗಾಗಿ ಹಾರನ್ ಹಾಕುತ್ತಿದ್ದೇನೆ ಅಂದುಕೊಂಡಿದ್ದೆ. ನಾನು ಹಾಕುತ್ತಿದ್ದದ್ದು ಅಜ್ಜಿಗೆ.

ಇದನ್ನು ನಾನು ನಾಳೆ ಪೊಲೀಸರಿಗೆ ಹೇಳುತ್ತೇನೆ. ವ್ಯಾನು ಹೋದರೆ ಹೋಗಲಿ, ನಿನ್ನಮ್ಮನಿಗೆ ಆಗಲೇ ಹೇಳಿದ್ದೇನೆ. ಅವಳು ಅತ್ತಳು, ಆಮೇಲೆ ನನ್ನ ಕರಿ ಕೋಟು ಇಸ್ತ್ರಿ ಮಾಡಿಟ್ಟಳು. ಆದರೆ ಯೋಸ್ಟ್‌ನ ಭಾಷೆ ನಿನ್ನ ಹಾಗೆ ನನಗೆ ಬರುವುದಿಲ್ಲ, ಇಂಥದ್ದನ್ನು ಚೀಟಿಯಲ್ಲಿ ಬರೆದು ಓದಲು ಆಗುವುದಿಲ್ಲ. ಅವನು ಹೋಗುವುದರೊಳಗೆ ನೀನು ಬಾ. ನನ್ನ ಪಕ್ಕ ನಿಂತು ಹೇಳು, ಒಂದು ಮಾತನ್ನೂ ಮೆತ್ತಗೆ ಮಾಡಬೇಡ. ತಿರುವುಗಳಲ್ಲಿ ಮೇಕೆಗಳಿರುತ್ತವೆ, ಗಂಟೆ ಬಾರಿಸಿ ಅಂತ ನಿನ್ನ ಅತಿಥಿಗಳಿಗೆಲ್ಲ ನೀನು ಹೇಳಿಕೊಡುತ್ತಿದ್ದೆಯಲ್ಲ? ಅವಳು ಸಾಯಲು ಬಂದವಳಲ್ಲ ಅಂತ ಅವನಿಗೆ ಹೇಳು. ಆ ಟಿಂಗ್ ನಾನು ಆವತ್ತೇ ಕೇಳಿದ್ದೆ. ಕಾಸಿಯಾನೊನ ಮೇಕೆ ಇರಬೇಕು ಅಂದುಕೊಂಡು ಮುಂದೆ ಹೋದೆ. ಅವಳು ಗಂಟೆ ಬಾರಿಸಿದ್ದಳು, ಅಂಪಾರೊ. ಬಾರಿಸದೆ ಇದ್ದವನು ನಾನು.