ಇಪ್ಪತ್ತೊಂದು ಕಿಲೋದ ಚೀಟಿ

ಫೋರ್ ಎಸ್ ರ‍್ಯಾಂಚ್, ಸ್ಯಾನ್ ಡಿಯಾಗೋ
ಶನಿವಾರ, ಏಪ್ರಿಲ್ ೬, ೨೦೨೪

ಅಣ್ಣಾ,

"ಪ್ರೀತಿಯ" ಅಂತ ಶುರು ಮಾಡಿದ್ದೆ, ಆಮೇಲೆ ಆ ಹಾಳೆ ಹರಿದು ಹಾಕಿದೆ. ತಲೆಯ ಮೇಲೆ ಶ್ರೀ ಕೂಡ ಬರೆದಿಲ್ಲ. ಈ ವಾರ ಆ ಅಕ್ಷರ ಬರೆಯೋಕೆ ನನಗೆ ಮನಸ್ಸಿಲ್ಲ, ಯಾಕೆ ಅಂತ ಮುಂದೆ ಓದು. ಹೇಗಿದ್ದೀಯಾ? ಊಟ ಸರಿಯಾಗಿ ಮಾಡುತ್ತಿದ್ದೀಯಾ? ಎಡಗೈ ಮಣಿಕಟ್ಟು ಹೇಗಿದೆ, ಚಳಿಗೆ ಇನ್ನೂ ಹಿಡಿದುಕೊಳ್ಳುತ್ತದಾ? ಮಣಿಕಟ್ಟಿನ ಪ್ರಶ್ನೆ ನನ್ನದಲ್ಲ, ಇನ್ನೊಬ್ಬರು ಕೇಳಿದ್ದು. ನನಗೆ ಸದ್ಯಕ್ಕೆ ನಿನ್ನ ಯಾವ ಕೈಯ ಮೇಲೂ ಕರುಣೆ ಇಲ್ಲ. ನಿನ್ನನ್ನು ಎಲ್ಲ ಕಡೆ ಬ್ಲಾಕ್ ಮಾಡಿ ಈಗ ಕೂತು ಕಾಗದ ಬರೆಯುತ್ತಿದ್ದೇನೆ, ನಗು ಬಂದರೆ ನಗು. ಮೆಸೇಜಿನಲ್ಲಿ ಬೈದರೆ ನೀನು ಒಂದು ಎತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸಿಬಿಡುತ್ತೀಯ. ಇದನ್ನು ಪೂರ್ತಿ ಓದಲೇಬೇಕು.

ಮೊದಲು ನಿನ್ನದೇ ಮಾತು ನಿನಗೆ ನೆನಪಿಸುತ್ತೇನೆ. ೨೦೨೦. ನನ್ನ ಸ್ಕೂಲು ಲ್ಯಾಪ್‌ಟಾಪಿನೊಳಗೆ ಹೋಗಿತ್ತು, ನಿನ್ನ ಎಡಗೈ ಪಟ್ಟಿಯೊಳಗೆ ಹೋಗಿತ್ತು. ಇನ್ನು ಟೆನ್ನಿಸ್ ಟೂರ್ನಿ ಆಡುವ ಆಸೆ ಬಿಡಪ್ಪಾ ಅಂತ ಡಾಕ್ಟರು ಹೇಳಿದ ಮೇಲೆ ನೀನು ಸೋಫಾ ಬಿಟ್ಟು ಏಳುತ್ತಲೇ ಇರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಉಪ್ಪಿಟ್ಟಿನ ತಟ್ಟೆ ಇಟ್ಟು ಹೋದಾಗ ನಿನ್ನ ಫೋನಿನಲ್ಲಿ ಯಾವುದೋ ಯುರೋಪಿನ ಊರಿನ ಮ್ಯಾಚ್ ಓಡುತ್ತಿತ್ತು. ಗ್ಯಾಲರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಉದ್ದ ಕೈಕಾಲಿನ ಒಬ್ಬಳು ಒಂದು-ಐದು ಹಿಂದಿದ್ದಾಳೆ, ಪಾಯಿಂಟ್ ಹೋದಾಗಲೆಲ್ಲ ರ‍್ಯಾಕೆಟ್ಟಿನ ತಂತಿಗಳನ್ನು ಒಂದೊಂದಾಗಿ ಸರಿಮಾಡುತ್ತಾ ಅವುಗಳಿಗೇ ಏನೋ ಬುದ್ಧಿ ಹೇಳುತ್ತಿದ್ದಾಳೆ. ಆ ಸೆಟ್ಟನ್ನು ಏಳು-ಐದು ಗೆದ್ದಳು. ನೀನು ಸೋಫಾದಿಂದ ಎದ್ದು ನಿಂತು ಕಿರುಚಿದೆ, ಉಪ್ಪಿಟ್ಟು ಕಾರ್ಪೆಟ್ ಮೇಲೆ. ಅಮ್ಮ ಬೈಯಲಿಲ್ಲ. ಮಗ ಎದ್ದು ನಿಂತನಲ್ಲ ಅಂತ ಒಳಗೆ ಹೋಗಿ ಅತ್ತಳು, ಅದು ನಿನಗೆ ಗೊತ್ತಿಲ್ಲ.

ಅವತ್ತಿನಿಂದ ಯಿತ್ಕಾ ಹವ್ರಾನೋವಾ ನಮ್ಮವಳು. ಹತ್ತೊಂಬತ್ತನೇ ವಯಸ್ಸಿಗೆ ಮೂವತ್ತೊಂದನೇ ರ‍್ಯಾಂಕ್, ಇಪ್ಪತ್ತೆರಡಕ್ಕೆ ಮೊಣಕಾಲು ಆಪರೇಷನ್, ಇಪ್ಪತ್ತೈದಕ್ಕೆ ಇನ್ನೊಂದು ಮೊಣಕಾಲು, ಆಮೇಲೆ ಮುನ್ನೂರರ ಆಚೆ ಬಿದ್ದು, ಬಸ್ಸು ಹತ್ತಿ ಸಣ್ಣ ಸಣ್ಣ ಊರುಗಳಲ್ಲಿ ಆಡಿ, ಹೋಟೆಲಿನ ಸಿಂಕಿನಲ್ಲಿ ಬಟ್ಟೆ ಒಗೆದುಕೊಂಡು, ಮತ್ತೆ ಮೊದಲ ನೂರಕ್ಕೆ ಹತ್ತಿ ಬಂದವಳು. ಒಂದು ದೊಡ್ಡ ಕಪ್ ಇಲ್ಲ, ಜಾಹೀರಾತಿಲ್ಲ. ಅವಳ ಅಭಿಮಾನಿಗಳಿಗಾಗಿ ನೀನು ಆನ್‌ಲೈನಿನಲ್ಲಿ ಒಂದು ಥ್ರೆಡ್ ಶುರು ಮಾಡಿದೆ. ಹವ್ರಾನ್ ಅಂದರೆ ಅವರ ಚೆಕ್ ಭಾಷೆಯಲ್ಲಿ ಕಾಗೆ ಜಾತಿಯ ಹಕ್ಕಿ ಅಂತ ಗೊತ್ತಾದ ಮೇಲೆ ಅದಕ್ಕೆ ಕಾಗೆಗೂಡು ಅಂತ ಹೆಸರಿಟ್ಟೆವು. ಬರ್ನೋದ ಟ್ರಾಮ್ ಡ್ರೈವರ್, ಒಸಾಕಾದ ನರ್ಸ್, ನಾವಿಬ್ಬರು, ಒಟ್ಟು ನಲವತ್ತಮೂರು ಜನ. ಯಾರೋ ಒಬ್ಬ ಅವಳು ಇಳಿದುಕೊಂಡ ಹೋಟೆಲಿನ ಫೋಟೋ ಹಾಕಿದಾಗ ಅವನನ್ನು ಓಡಿಸಿ ಮೊದಲ ರೂಲ್ ಪಿನ್ ಮಾಡಿದವನು ನೀನೇ. ಕೋರ್ಟಿನ ಒಳಗೆ ಕಂಡದ್ದು ನಮ್ಮದು, ಹೊರಗೆ ಕಂಡದ್ದು ಅವಳದು. ಹೋಟೆಲ್ ಇಲ್ಲ, ಮನೆ ಇಲ್ಲ, ಮೈಗೆ ಆದ ನೋವಿನ ಸುದ್ದಿ ಇಲ್ಲ. ಹದಿನೇಳು ವರ್ಷದವನು ಎಷ್ಟು ಚೆನ್ನಾಗಿ ಬರೆದಿದ್ದೆ! ಇಪ್ಪತ್ತೊಂದಕ್ಕೆ ಮರೆತೆ.

ಈಗ ಈ ವಾರದ ಕಥೆ. ಕಾರ್ಲ್ಸ್‌ಬಾಡ್ ಟೂರ್ನಿಯಲ್ಲಿ ನನಗೆ ವಾಲಂಟಿಯರ್ ಬ್ಯಾಡ್ಜ್ ಸಿಕ್ಕಿದ್ದು ಇಂದುಧರ ಅಂಕಲ್ ಮಾತಿನಿಂದ ಅನ್ನುವುದು ನಿನಗೆ ಗೊತ್ತು. ಪೊವೇಯ ಅವರ ಗ್ಯಾರೇಜಿನಲ್ಲಿ ನಮ್ಮಿಬ್ಬರ ರ‍್ಯಾಕೆಟ್ಟಿಗೂ ತಂತಿ ಕಟ್ಟಿಕೊಟ್ಟವರು. ಟೆಲಿಕಾಂ ಕೆಲಸದಿಂದ ರಿಟೈರ್ ಆದ ಮೇಲೆ ಆ ಕೆಲಸವನ್ನೇ ಹಿಡಿದು, ಎಪ್ಪತ್ತನೇ ವಯಸ್ಸಿಗೆ ಮೊದಲ ಸಲ ಒಂದು ಪ್ರೊಫೆಷನಲ್ ಟೂರ್ನಿಯಲ್ಲಿ ತಂತಿ ಕಟ್ಟುವ ಮೇಜು ಹಾಕಿದ್ದರು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ನನ್ನ ಕೆಲಸ ರ‍್ಯಾಕೆಟ್ ತೆಗೆದುಕೊಳ್ಳುವುದು, ತಂತಿಯನ್ನು ಎಷ್ಟು ಕಿಲೋ ಬಿಗಿಯಲ್ಲಿ ಕಟ್ಟಬೇಕು ಅಂತ ಆಟಗಾರ್ತಿ ಹೇಳಿದ್ದನ್ನು ಚೀಟಿಯಲ್ಲಿ ಬರೆಯುವುದು. ಖಾಲಿ ಚೀಟಿಗಳನ್ನು ಅಂಕಲ್ ಹಿಂದಿನ ದಿನವೇ ಕತ್ತರಿಸಿಟ್ಟುಕೊಳ್ಳುತ್ತಿದ್ದರು, ಪ್ರತಿಯೊಂದರ ಮೂಲೆಯಲ್ಲೂ ಸಾಸಿವೆಯಷ್ಟು ಸಣ್ಣದಾಗಿ ಒಂದು ಶ್ರೀ. ದಿನಸಿ ಪಟ್ಟಿ ಬರೆದರೂ ಶ್ರೀ ಹಾಕುವ ಮನುಷ್ಯ. ಕೆಲಸ ಮುಗಿದ ಚೀಟಿಯನ್ನು ನಾಲ್ಕು ಚೂರು ಮಾಡಿಯೇ ಬುಟ್ಟಿಗೆ. "ಯಾರು ಎಷ್ಟು ಬಿಗಿ ಕಟ್ಟಿಸ್ಕೋತಾರೆ ಅನ್ನೋದು ಅವ್ರ ಮೈ ವಿಷ್ಯ ಕಣಮ್ಮಾ, ಮೇಜು ದಾಟ್ಬಾರ್ದು" ಅಂತ ಮೊದಲನೇ ದಿನವೇ ಹೇಳಿದ್ದರು. ನಾನು ತಲೆ ಆಡಿಸಿದ್ದೆ.

ಗುರುವಾರ ಮಧ್ಯಾಹ್ನ ಯಿತ್ಕಾ ಬಂದಳು. ಅಣ್ಣಾ, ನಾಲ್ಕು ವರ್ಷ ಫೋನಿನಲ್ಲಿ ನೋಡಿದವಳು ಮೇಜಿನ ಆಚೆ ನಿಂತಿದ್ದಾಳೆ, ಮೂಗಿನ ಮೇಲೆ ಸನ್‌ಸ್ಕ್ರೀನ್ ಸರಿಯಾಗಿ ಹರಡಿಲ್ಲ. ನಾಲ್ಕು ರ‍್ಯಾಕೆಟ್ ಇಟ್ಟು ಇಪ್ಪತ್ತೊಂದು ಅಂದಳು. ಅವಳದು ಯಾವಾಗಲೂ ಇಪ್ಪತ್ತೈದು ಅಲ್ಲವಾ? ಕಾಗೆಗೂಡಿನಲ್ಲಿ ಎಲ್ಲರಿಗೂ ಬಾಯಿಪಾಠ. ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ, ಇಪ್ಪತ್ತೈದಲ್ಲವಾ ಅಂತ ಕೇಳಿಯೇಬಿಟ್ಟೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, ನಕ್ಕು, ತುಟಿಯ ಮೇಲೆ ಬೆರಳಿಟ್ಟು ಹೋದಳು. ಮುಂದಿನ ದಿನ ಅವಳ ಕ್ವಾರ್ಟರ್ ಫೈನಲ್. ಅದೊಂದು ಗೆದ್ದರೆ ಮುಂದಿನ ತಿಂಗಳ ಪ್ಯಾರಿಸ್ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಅರ್ಹತಾ ಸುತ್ತು ಆಡದೆ ನೇರ ಪ್ರವೇಶ. ಮೂವತ್ತನಾಲ್ಕು ವಯಸ್ಸು, ಇದೇ ಕೊನೆಯ ವರ್ಷ ಅಂತ ಅವಳೇ ಹೇಳಿದ್ದಾಳೆ. ನನಗೆ ಹೆದರಿಕೆಯಾಯಿತು. ಇದನ್ನು ಯಾರಿಗೆ ಕೇಳಲಿ? ಕೈಯ ನೋವು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚೀಟಿಯ ಫೋಟೋ ತೆಗೆದು ನಿನಗೆ, ನಿನಗೊಬ್ಬನಿಗೆ, ಕಳಿಸಿದೆ. ಯಾಕಣ್ಣಾ ಇಷ್ಟು ಸಡಿಲ, ಯಾರಿಗೂ ಹೇಳಬೇಡ ಅಂತ ಕನ್ನಡದಲ್ಲಿ ಬರೆದೆ, ನಮ್ಮ ಗುಟ್ಟಿನ ಮಾತೆಲ್ಲ ಕನ್ನಡದಲ್ಲೇ ಅಲ್ಲವಾ. ತಂತಿ ಸಡಿಲ ಇದ್ರೆ ಕೈಗೆ ಪೆಟ್ಟು ಕಮ್ಮಿ, ನನ್ನ ಹಾಗೇ ಎಡ ಮಣಿಕಟ್ಟು, ಬ್ಯಾಕ್‌ಹ್ಯಾಂಡ್ ಹೊಡೆಯೋಕಾಗ್ತಿಲ್ಲ ಅನ್ಸತ್ತೆ ಅಂತ ಉತ್ತರ ಬಂತು, ಕೆಳಗೆ ಒಂದು ಹೆಬ್ಬೆರಳು.

ನಲವತ್ತು ನಿಮಿಷ. ಅಷ್ಟೇ ತಡೆದುಕೊಂಡದ್ದು ನೀನು. ನಿನ್ನ ಆ ಟೆನ್ನಿಸ್ ಪೇಜು, ಮೂವತ್ತು ಸಾವಿರ ಫಾಲೋವರ್ಸ್, ಅದರಲ್ಲಿ ಚೀಟಿಯ ಫೋಟೋ, ಜೊತೆಗೆ "ನಮಗೆ ಮಾತ್ರ ಸಿಕ್ಕ ಒಳಗಿನ ಸುದ್ದಿ" ಅಂತ ದೊಡ್ಡ ಅಕ್ಷರ, ಕೆಳಗೆ ಯಿತ್ಕಾಳ ಎಡ ಮಣಿಕಟ್ಟಿನ ವಿಷಯ. ನಮಗೆ ಅಂದರೆ ಯಾರು? ನಾನು ಒಳಗೆ ನಿಂತಿದ್ದೆ, ನೀನು ಲಾಸ್ ಏಂಜಲೀಸ್‌ನಲ್ಲಿ ಹಾಸಿಗೆ ಮೇಲೆ ಬಿದ್ದುಕೊಂಡಿದ್ದೆ. ಬುದ್ಧಿವಂತನ ಹಾಗೆ ಟೂರ್ನಿಯ ಹೆಸರು ಕತ್ತರಿಸಿದ್ದೆ. ಮೂಲೆಯ ಶ್ರೀ ಬಿಟ್ಟಿದ್ದೆ. ಅದು ನಿನ್ನ ಕಣ್ಣಿಗೆ ಬೀಳಲೇ ಇಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಎಲ್ಲ ಕಾಗದದ ತಲೆಯ ಮೇಲೂ ಅದನ್ನು ನೋಡಿದವರು ನಾವು. ನನಗೂ ಫೋಟೋ ತೆಗೆಯುವಾಗ ಕಾಣಿಸಲಿಲ್ಲ. ಕಂಡದ್ದು ಆ ಅಕ್ಷರ ಓದಲು ಬಾರದ ಟೂರ್ನಿಯ ಮೇಲ್ವಿಚಾರಕಿಗೆ. ಶುಕ್ರವಾರ ಬೆಳಿಗ್ಗೆ ಅವಳು ಫೋನ್ ಹಿಡಿದು ಬಂದು, ಫೋಟೋದ ಮೂಲೆಯನ್ನೂ ನಮ್ಮ ಮೇಜಿನ ಚೀಟಿಯ ಮೂಲೆಯನ್ನೂ ಪಕ್ಕಪಕ್ಕ ಹಿಡಿದಳು. ಇದೇನು ಗುರುತು ಅಂತ ಕೇಳಿದಳು. ಅಂಕಲ್ ಕನ್ನಡಕ ಏರಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಒಂದೇ ಒಂದು ಸಲ. ಚೀಟಿ ನನ್ನದು, ಮೇಜು ನನ್ನದು, ಜವಾಬ್ದಾರಿಯೂ ನನ್ನದೇ ಅಂತ ಇಂಗ್ಲಿಷಿನಲ್ಲಿ ಹೇಳಿ, ತಂತಿ ಬಿಗಿಯುವ ಮಿಷನ್ನಿನ ತಿರುಪು ಬಿಚ್ಚೋಕೆ ಶುರು ಮಾಡಿದರು. ನಾನು ಬಾಯಿ ಬಿಡಲಿಲ್ಲ. ನಿನ್ನ ಮೇಲಿನ ಕೋಪದಲ್ಲಿ ಅರ್ಧ ಇದೇ, ನನ್ನ ಮೇಲಿನದು. ಅದನ್ನೂ ನಿನ್ನ ಲೆಕ್ಕಕ್ಕೇ ಹಾಕುತ್ತೇನೆ, ತಡೆದುಕೋ.

ಮ್ಯಾಚನ್ನು ಬೇಲಿ ಹಿಡಿದುಕೊಂಡು ನೋಡಿದೆ. ಎದುರಾಳಿ ಮೊದಲನೇ ಚೆಂಡಿನಿಂದ ಎಡಕ್ಕೇ ಹೊಡೆದಳು. ಎಡಕ್ಕೆ, ಎತ್ತರಕ್ಕೆ, ಮತ್ತೆ ಎಡಕ್ಕೆ. ಯಿತ್ಕಾ ಎರಡು ಕೈಯ ಬ್ಯಾಕ್‌ಹ್ಯಾಂಡ್ ಬಿಟ್ಟು ಒಂದೇ ಕೈಯಲ್ಲಿ ಚೆಂಡನ್ನು ಸವರಿ ಸವರಿ ದಾಟಿಸುತ್ತಿದ್ದಳು. ಎರಡು-ಆರು, ಮೂರು-ಆರು. ನಡುವೆ ಬಿಟ್ಟು ಹೋಗಲಿಲ್ಲ, ಕೊನೆಯ ಪಾಯಿಂಟ್ ತನಕ ಆಡಿದಳು. ಸಂಜೆ ನಾನು ಫೋನ್ ಮಾಡಿ ಕಿರುಚಿದಾಗ ನೀನು ಏನಂದೆ ನೆನಪಿದೆಯಾ? "ಚಿಲ್ ಮಾಡೇ, ಹೇಗಿದ್ರೂ ಎರಡು ಗೇಮ್ ಆದ್ಮೇಲೆ ಎದುರಿನವ್ಳಿಗೆ ಗೊತ್ತಾಗ್ತಿತ್ತು." ಆ ಎರಡು ಗೇಮು ಯಾರದು ಅಣ್ಣಾ? ಯಿತ್ಕಾಳದು! ನೋವು ಮುಚ್ಚಿಟ್ಟುಕೊಂಡು ಎರಡು ಗೇಮ್ ಗೆಲ್ಲಬಹುದಿತ್ತು, ಎದುರಿನವಳು ಗಾಬರಿಯಾಗಬಹುದಿತ್ತು, ಏನು ಬೇಕಾದರೂ ಆಗಬಹುದಿತ್ತು. ಹದಿನೈದು ವರ್ಷಕ್ಕೂ ಮಿಕ್ಕಿ ಆಡಿದವಳಿಗೆ ಉಳಿದಿದ್ದದ್ದೇ ಅಂಥ ಎರಡು ಗೇಮು. ನೀನು ಅದನ್ನು ಲೈಕಿಗೆ ಕೊಟ್ಟುಬಿಟ್ಟೆ. ಆಗಲೇ ನಿನ್ನನ್ನು ಬ್ಲಾಕ್ ಮಾಡಿದ್ದು.

ಅದಕ್ಕೂ ಮೊದಲು, ಮ್ಯಾಚ್ ಮುಗಿದಾಗ, ಅಂಕಲ್ ಪಾರ್ಕಿಂಗ್‌ನಲ್ಲಿ, ಬಿಸಿಲಲ್ಲಿ, ಮಿಷನ್ ಪಕ್ಕದಲ್ಲಿ ಕೂತು ನನಗಾಗಿ ಕಾಯುತ್ತಿದ್ದರು. ನಾನೇ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಟ್ರಾಫಿಕ್ ವಿಷಯ ಮಾತಾಡಿದರು, ಪೊವೇಯಲ್ಲಿ ಹೊಸದಾಗಿ ಬಂದ ದರ್ಶಿನಿಯಲ್ಲಿ ಇಡ್ಲಿ ಗಟ್ಟಿ ಅಂದರು. ಮನೆ ಮುಂದೆ ಇಳಿದು, ಬಾಗಿಲು ಹಾಕುವ ಮೊದಲು ಬಗ್ಗಿ ಕೇಳಿದ್ದು ಒಂದೇ ಮಾತು. "ಅಭಯ್ ಮಣಿಕಟ್ಟು ಈಗ ಹೇಗಿದೆ ಮಗೂ?" ಚೀಟಿ ನಿನಗೆ ಹೋಯಿತು ಅಂತ ನಾನು ಹೇಳಿರಲಿಲ್ಲ. ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಆಗ ಹೇಳಿದರು. ೨೦೧೯ರಲ್ಲಿ ನೀನೂ ಅವರ ಗ್ಯಾರೇಜಿಗೆ ಒಬ್ಬನೇ ಸೈಕಲ್ಲಿನಲ್ಲಿ ಹೋಗಿ ತಂತಿ ನಾಲ್ಕು ಕಿಲೋ ಇಳಿಸಿ ಅಂತ ಕೇಳಿಕೊಂಡಿದ್ದೆಯಂತೆ. ಅಪ್ಪನಿಗೆ ಹೇಳಬೇಡಿ, ಕೋಚ್‌ಗೆ ಹೇಳಬೇಡಿ, ಟೀಮಿನಿಂದ ತೆಗೆದುಬಿಡ್ತಾರೆ ಅಂತ ಅತ್ತಿದ್ದೆಯಂತೆ. ಡಾಕ್ಟರ ಹತ್ತಿರ ಹೋಗು ಅಂತ ನಿನಗೆ ಪ್ರತಿ ವಾರ ಹೇಳಿದರಂತೆ, ಆದರೆ ಕೋಚ್ ಗ್ಯಾರೇಜಿಗೇ ಬಂದು ಕೇಳಿದಾಗಲೂ ನಿನ್ನ ಚೀಟಿ ತೋರಿಸಲಿಲ್ಲವಂತೆ. ಅಪ್ಪನಿಗೆ ಹೇಳಬೇಕಿತ್ತೇನೋ ಅಂತ ಐದು ವರ್ಷದಿಂದ ಕೊರಗುತ್ತಿದ್ದಾರೆ. ನಾಲ್ಕು ಕಿಲೋ ಅಂದರೆ ಏನು ಅಂತ ನೋಡಿದ ತಕ್ಷಣ ಅರ್ಥವಾಗುವವನು ನೀನೊಬ್ಬನೇ, ಅದು ಅವರಿಗೆ ಗೊತ್ತಿತ್ತು. ನಿನ್ನ ಗುಟ್ಟನ್ನು ಕಾಪಾಡಿದ ಮನುಷ್ಯನ ಮೇಜನ್ನೇ ಎತ್ತಿಸಿದೆಯಲ್ಲೋ! ಥೂ. ಇಷ್ಟು ಬರೆಯುವಾಗ ಪೆನ್ನು ಹಾಳೆ ತೂತು ಮಾಡಿತು, ತಿರುಗಿಸಿ ನೋಡು.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಪ್ಪನಿಗೆ ಯಾವುದೂ ಗೊತ್ತಿಲ್ಲ, ನೀನೇ ಹೇಳು. ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ, ತಿನ್ನು. ಕೋಪ ನನ್ನದು, ಚಟ್ನಿಪುಡಿ ಅಮ್ಮನದು, ಎರಡನ್ನೂ ಕಲಸಬೇಡ. ಅವಳ ಆಶೀರ್ವಾದ ನಿನಗೆ ಯಾವಾಗಲೂ ಇದ್ದದ್ದೇ, ಈ ಸಲ ಅದರಲ್ಲಿ ನನ್ನ ಪಾಲು ಸೇರಿಸಿಲ್ಲ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಮೇದಿನಿ

ಮರೆತಿದ್ದೆ, ಈ ಕಾಗದ ನಿನಗೆ ತಲುಪಿಸುವ ರಾಕೇಶ್ ಅಂಕಲ್ ನಾಳೆ ಬೆಳಿಗ್ಗೆಯೇ ಲಾಸ್ ಏಂಜಲೀಸ್‌ಗೆ ಹೊರಡುತ್ತಾರೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಟೂರ್ನಿ ಆಫೀಸಿಗೆ ಹೋಗಿ ಫೋಟೋ ತೆಗೆದವಳು ನಾನು ಅಂತ ಹೇಳಿದೆ. ಬ್ಯಾಡ್ಜ್ ಕಿತ್ತುಕೊಂಡರು. ಅಂಕಲ್‌ಗೆ ಮೇಜು ವಾಪಸ್ ಕೊಡುವ ವಿಷಯ ನೋಡೋಣ ಅಂದರು. ಅದನ್ನು ಪೇಜಿನಲ್ಲಿ ಹಾಕಿದವರು ಯಾರು ಅಂತ ಕೇಳಿದಾಗ ಹೇಳಲಿಲ್ಲ. ಆದರೆ ಹೊರಗೆ ಯಿತ್ಕಾ ಸಿಕ್ಕಳು, ಅವಳಿಗೆ ಎಲ್ಲ ಹೇಳಿದೆ, ನಿನ್ನ ಹೆಸರನ್ನೂ. ಅವಳು ನಗಲಿಲ್ಲ. ನನ್ನ ಕ್ಷಮೆಯನ್ನೂ ತೆಗೆದುಕೊಳ್ಳಲಿಲ್ಲ. ಆ ಹಿರಿಯರ ಮನೆ ಎಲ್ಲಿ ಅಂತ ಮಾತ್ರ ಕೇಳಿ, ತಾನೇ ಕಾರಿನಲ್ಲಿ ಪೊವೇಗೆ ಹೋಗಿ, ಲಾಸ್ ಏಂಜಲೀಸ್ ಟೂರ್ನಿಗೆ ಬೇಕಾದ ನಾಲ್ಕು ರ‍್ಯಾಕೆಟ್ ತಂತಿ ಕಟ್ಟೋಕೆ ಅವರ ಗ್ಯಾರೇಜಿನಲ್ಲೇ ಕೊಟ್ಟು ಹೋಗಿದ್ದಾಳೆ. ನಾನು ತಂದುಕೊಡಲಾ ಅಂದದ್ದಕ್ಕೆ, ಬೇಡ, ನಿನ್ನ ಅಣ್ಣ ತರಲಿ ಅಂದಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿನ ಆಟಗಾರರ ಗೇಟಿನಲ್ಲಿ ನಿನ್ನನ್ನು ಕಾಯುತ್ತಾಳೆ. ಈ ಕಾಗದದ ಜೊತೆ ಬಂದ ಉದ್ದನೆಯ ಚೀಲ ಅವಳದು, ಅಂಕಲ್ ಇವತ್ತೇ ತಂತಿ ಕಟ್ಟಿ ಮುಗಿಸಿದರು. ಈ ಸಲ ಎಷ್ಟು ಕಿಲೋ ಅಂತ ಅಂಕಲ್ ಬರೆದ ಚೀಟಿ ಅದರ ಪಕ್ಕದ ಜೇಬಿನಲ್ಲಿದೆ. ಜೇಬಿಗೆ ಬೀಗ ಇಲ್ಲ, ಹಾಕೋಣವಾ ಅಂತ ನಾನು ಕೇಳಿದ್ದಕ್ಕೆ ಅಂಕಲ್ ಬೇಡ ಅಂದರು. ನೀನು ತೆಗೆದು ನೋಡಿದರೆ ನಮಗೆ ಯಾರಿಗೂ ಗೊತ್ತಾಗುವುದಿಲ್ಲ.